ಸುಮಿತ್ರಾನ ಫರಸಿ, ನನ್ನ ಕೆಮಿಸ್ಟ್ರಿ

ಇಂಗ್ಲಿಷಿನ ಒಂದೊಂದು ಶಬ್ದಕ್ಕ ಎಷ್ಟೆಷ್ಟು ಅರ್ಥ ಅವ ಅನ್ನೋದು ಸೇಡಂ ತಾಲೂಕಿನಾಗ ನನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಇದು ಜಂಬ ಅಲ್ರಿ, ಹೊಟ್ಟಿಪಾಡು. ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಕಲಸೋ ಮನಷ್ಯಾ ನಾನು. ಹತ್ತನೇತ್ತದ ತನಕ ಕನ್ನಡದಾಗ ಓದಿ ಬಂದ ಹುಡುಗರಿಗೆ ‘ಸೊಲ್ಯೂಷನ್ ಅಂದ್ರ ಏನಪಾ?’ ಅಂತ ಕೇಳಿದ್ರ, ‘ಪಂಚರಿಗೆ ಹಚ್ಚೋದ್ರಿ ಸರ್’ ಅಂತಾರ. ‘ಕಾಂಪೌಂಡ್?’ ‘ಸಾಲಿ ಸುತ್ತ ಕಟ್ಟಿದ ಗ್ವಾಡಿರಿ.’ ‘ಬಾಂಡ್?’ ‘ಚಿತ್ತಾಪುರ ಕೋರ್ಟಿನ ಮುಂದ ಸಿಗ್ತದ್ರಿ, ಹೊಲ ಮಾರೋ ಮುಂದ ಬೇಕಾಗ್ತದ.’ ‘ನಾರ್ಮಲ್?’ ಅಂದ್ರ ಹಿಂದಿನ ಬೆಂಚಿನಿಂದ ‘ಡಿಲೆವರಿ’ ಅಂತ ಉತ್ತರ ಬರ್ತದ. ಇದ್ರಾಗ ಯಾವುದೂ ತಪ್ಪಲ್ಲ. ಅದಕ್ಕ ನಾನು ಮೊದಲನೇ ದಿನಾನೇ ಹೇಳಿಬಿಡ್ತೀನಿ: ಮನೀದು, ಬಜಾರದ್ದು ಏನದ ಅದನ್ನ ಚಪ್ಲಿ ಜೋಡಿ ಬಾಗಲದಾಗ ಬಿಟ್ಟು ಬರ್ರಿ, ಇಲ್ಲಿ ಎಲ್ಲಾದಕ್ಕೂ ಬ್ಯಾರೆ ಅರ್ಥ ಅದ ಅಂತ. ಹುಡುಗರು ಈ ಮಾತು ಬರಕೊಂತಾರ. ನಾನಂತೂ ಅದನ್ನ ಇಷ್ಟು ನಂಬಿದ್ದೆ ಅಂದ್ರ ಅದೇ ನನ್ನ ಮುಳಗಿಸ್ತು.

ಈ ಚಾಳಿ ಮನೀ ತನಕಾನೂ ಬಂದದ. ನನ್ನ ಹೆಂಡತಿ ಸುಮಿತ್ರಾ ಹೈಸ್ಕೂಲಿನಾಗ ಕನ್ನಡ ಟೀಚರ್. ಒಮ್ಮೆ ‘ಈ ಗುಳಿಗಿ ನನಗ ರಿಯಾಕ್ಷನ್ ಆಗ್ಯದರಿ’ ಅಂತ ಮೈ ಕೆರಕೊಂತ ಬಂದ್ಳು. ದವಾಖಾನಿಗೆ ಕರಕೊಂಡು ಹೋಗೋದು ಬಿಟ್ಟು, ‘ರಿಯಾಕ್ಷನ್ ಅಂದ್ರ ಖರೇ ಏನು ಗೊತ್ತದೇನು?’ ಅಂತ ಶುರು ಮಾಡಿದೆ. ನನ್ನ ವಿವರಣಿ ಮುಗಿಯೋದ್ರಾಗ ಅಕಿ ಆಟೋದಾಗ ಹೋಗಿ ಸೂಜಿ ಮಾಡಿಸ್ಕೊಂಡು ಬಂದಿದ್ಳು.

ಅಂಥಾ ಸುಮಿತ್ರಾಗ ಎರಡು ವರ್ಷದ ಹಿಂದ ಚಿಂಚೋಳಿಗೆ ಬದಲಿ ಆಯ್ತು. ದಿನಾ ಓಡಾಡಿದ್ರ ಸೊಂಟಾ ಉಳಿಯಂಗಿಲ್ಲ ಅಂತ ಅಲ್ಲೇ ಒಂದು ಖೋಲಿ ಬಾಡಿಗಿ ಹಿಡದ್ಳು. ಶನಿವಾರ ಮಧ್ಯಾಹ್ನ ಬರ್ತಾಳ, ಸೋಮವಾರ ನಸುಕಿನ ಬಸ್ಸಿಗೆ ಹೋಗ್ತಾಳ. ನಡುವಿನ ಐತವಾರ ಅರಬಿ ಒಗಿಯೋದ್ರಾಗ, ಶೇಂಗಾ ಹಿಂಡಿ ಕುಟ್ಟೋದ್ರಾಗ ಮುಗೀತದ. ಮಗಳು ಲಗ್ನಾಗಿ ಶಹಾಬಾದಕ್ಕ ಹೋದ ಮ್ಯಾಲ ಮನ್ಯಾಗ ಉಳದವರು ನಾವಿಬ್ಬರೇ, ಅದ್ರಾಗ ಒಬ್ಬಾಕಿ ಚಿಂಚೋಳಿಗೆ. ಅಡಗಿ ನಾನೇ ಮಾಡ್ಕೋತೀನಿ, ಅದ್ರಾಗ ತ್ರಾಸ ಇಲ್ಲ. ಆದ್ರ ಊಟಕ್ಕ ಕುಂತಾಗ ‘ಇವತ್ತ ಬ್ಯಾಳಿಗೆ ಉಪ್ಪು ಕಮ್ಮಿ ಆಗ್ಯದ’ ಅನಬೇಕಂದ್ರ ಎದುರಿಗೆ ಯಾರೂ ಇರಂಗಿಲ್ಲ. ನಾನೇ ಮಾಡಿದ ಬ್ಯಾಳಿಗೆ ನಾನೇ ಯಾರಿಗೆ ಬಯ್ಯಲಿ?

ಅಕಿ ನೆನಪು ಭಾಳ ಆಗೋದು ಪಡಸಾಲಿಗೆ ಹಾಸಿದ ಫರಸಿ ಕಲ್ಲಿನ ಮ್ಯಾಲ. ಮನಿ ಕಟ್ಟೋ ಮುಂದ ಸುಮಿತ್ರಾ ತಾನೇ ಶಹಾಬಾದಕ್ಕ ಹೋಗಿ, ಒಂದೊಂದು ಕಲ್ಲಿಗೂ ಬೆರಳಿನ ಗೆಣ್ಣಿಲೆ ಬಡದು, ಟಣ್ ಅಂತ ಸಪ್ಪಳ ಬಂದದ್ದಷ್ಟೇ ಆರಿಸಿದ್ಳು. ವರ್ಷಾನುಗಟ್ಲೆ ಒದ್ದಿ ಅರಬಿಲೆ ಒರಸಿ ಒರಸಿ ಅದು ಕರ್ರಗ ಮಿಂಚತಿತ್ತು. ನಮ್ಮ ಕಡೆ ಬ್ಯಾಸಗಿ ಬಿಸಲು ನಿಮಗ ಗೊತ್ತದ, ಫ್ಯಾನ್ ಹಚ್ಚಿದ್ರ ಬೆಂಕಿ ಬೀಸಿದಂಗ ಆಗ್ತದ. ಸಾಲಿಯಿಂದ ಬಂದು ಅಕಿ ಚಾಪಿ ಸುದ್ದಾ ಹಾಸದೆ ಆ ಫರಸಿ ಮ್ಯಾಲ ಅಡ್ಡಾಗಿ, ಗಲ್ಲ ಕಲ್ಲಿಗೆ ಹಚ್ಚಿ, ‘ಹಾಯ್, ಜೀವ ಬಂತ್ರಿ’ ಅಂತಿದ್ಳು. ಈಗ ಆ ಜಾಗಾದಾಗ ನಾನು ಅಡ್ಡಾಗ್ತೀನಿ. ಥಂಡ ಹತ್ತತದ, ಆದ್ರ ಜೀವ ಬರಂಗಿಲ್ಲ.

ದಸರಾ ಹತ್ತಿರ ಬಂದಾಗ ಅಕಿ ಫೋನ್ ಬಂತು.

‘ರೀ, ಇಲ್ಲಿ ಮುಖ್ಯೋಪಾಧ್ಯಾಯರ ಚಾರ್ಜ್ ನೀವೇ ತಗೋರಿ ಅನ್ಲಿಕತ್ತಾರ. ತಗೊಂಡ್ರ ಇನ್ನೊಂದಿಷ್ಟು ವರ್ಷ ಇಲ್ಲೇ ಇರಬೇಕಾಗ್ತದ. ಬ್ಯಾಡಂದ್ರ ಸೇಡಂಗೆ ಬದಲಿ ಸಿಗೋ ಹಂಗ ಅದ. ಹಬ್ಬ ಮುಗಿದ ಕೂಡ್ಲೆ ಹೇಳ್ಬೇಕು. ನೀವೇನಂತೀರಿ?’

ಬಾ ಸುಮಿತ್ರಾ, ಬಂದುಬಿಡು ಅನ್ನೋದು ನಾಲಿಗಿ ತುದಿಗೆ ಬಂದಿತ್ತು. ಆದ್ರ ಹೆಂಡತಿ ಮ್ಯಾಲ ಹೋಗೋ ಹೊತ್ತಿನಾಗ ಕಾಲು ಹಿಡದು ಎಳೆಯೋ ಗಂಡ ಅನಿಸ್ಕೋಬಾರದಲ್ಲ. ಗಂಟಲಾ ಸರಿ ಮಾಡ್ಕೊಂಡು, ‘ನಿನಗ ಹ್ಯಾಂಗ ಅನ್ನಸ್ತದ ಹಂಗ ಮಾಡು. ಈ ವಿಷಯದಲ್ಲಿ ನಾನು ನ್ಯೂಟ್ರಲ್’ ಅಂದೆ. ಅಷ್ಟಕ್ಕ ಬಿಟ್ಟಿದ್ರ ಸಂಭಾವಿತ ಅನಿಸ್ಕೋತಿದ್ದೆ. ನ್ಯೂಟ್ರಲ್ ಅಂದ್ರ ಗಾಡಿ ಗೇರಿನಾಗ ಒಂದು ಅರ್ಥ, ರಾಜಕೀಯದಾಗ ಒಂದು ಅರ್ಥ, ಲಿಟ್ಮಸ್ ಕಾಗದದ ಮುಂದ ಇನ್ನೊಂದು ಅರ್ಥ ಅಂತ ವಿಸ್ತಾರ ಮಾಡ್ಲಿಕ್ಕೆ ಹೋದೆ. ನಡುವ ನೋಡಿದ್ರ ಫೋನ್ ಕಟ್ಟಾಗಿತ್ತು. ನೆಟ್‌ವರ್ಕ್ ಸರಿ ಇಲ್ಲ ಅಂದ್ಕೊಂಡೆ.

ಬಾಯಿಲೆ ಹೇಳ್ಲಿಕ್ಕೆ ಆಗದ್ದು ಕೆಲಸದಿಂದ ಹೇಳೋಣು ಅಂತ ನಿರ್ಧಾರ ಮಾಡಿದೆ. ದಸರಾಕ್ಕ ಮನಿಗೆ ಸುಣ್ಣ ಹಚ್ಚೋದು ನಮ್ಮ ಕಡೆ ಪದ್ಧತಿ. ಈಗೆಲ್ಲಾ ಡಬ್ಬಿ ಬಣ್ಣ ಬಂದಾವ ಖರೆ, ಆದ್ರ ಸುಮಿತ್ರಾಗ ಹಸಿ ಸುಣ್ಣದ ವಾಸನಿ ಅಂದ್ರ ಪ್ರಾಣ. ಬಾಗಲಾ ತೆಗದ ಕೂಡ್ಲೆ ಆ ವಾಸನಿ ಬಂದ್ರ, ಬೆಳ್ಳನ ಗ್ವಾಡಿ ನೋಡಿದ್ರ, ‘ಇಂಥಾ ಮನಿ ಬಿಟ್ಟು ನಾ ಚಿಂಚೋಳಿಯಾಗ ಯಾಕ ಇರಲಿ?’ ಅಂತ ಅಕಿನೇ ಅಂತಾಳ. ನಾನು ನ್ಯೂಟ್ರಲ್ ಆಗೇ ಉಳೀತೀನಿ, ಗ್ವಾಡಿ ಮಾತಾಡ್ತಾವ. ರಜಾದಾಗೂ ಅಕಿಗೆ ಮನಿ ಮನಿ ತಿರುಗೋ ಸರಕಾರಿ ಕೆಲಸ ಹಚ್ಚಿದ್ರು, ನವಮಿ ದಿನ ಸಂಜಿಕಿ ಬರ್ತೀನಿ ಅಂದಿದ್ಳು. ಮುಂಜಾನಿಯಿಂದ ಸಂಜಿ ತನಕ ಬೇಕಾದಷ್ಟು ವ್ಯಾಳ್ಯಾ ಇತ್ತು.

ಬಜಾರದಾಗ ಅಂಗಡಿಯಾಂವ, ‘ಸರ್, ಪುಡಿ ಸುಣ್ಣ ಒಯ್ರಿ, ಬರೇ ನೀರಿಗೆ ಹಾಕಿದ್ರ ಮುಗೀತು’ ಅಂದ. ನಾನು ನಕ್ಕೆ. ಕೆಮಿಸ್ಟ್ರಿ ಲೆಕ್ಚರರಿಗೆ ಪುಡಿ ಸುಣ್ಣ! ಸುಣ್ಣದ ಕಲ್ಲೇ ಬೇಕು ಅಂತ ಹಟ ಮಾಡಿ ಚೀಲ ತುಂಬ ತಂದೆ. ಅಂಗಳದಾಗ ಜಿಟಿಜಿಟಿ ಮಳಿ ಹತ್ತಿತ್ತು. ಹಿಂಗಾಗಿ ಪಡಸಾಲಿ ನಡುವ, ನೀರು ತುಂಬೋ ಪ್ಲಾಸ್ಟಿಕ್ ಡ್ರಮ್ಮಿನಾಗ ಕಲ್ಲು ಸುರದೆ. ಲ್ಯಾಬಿನ ಕನ್ನಡಕ ಹಾಕ್ಕೊಂಡೆ. ಅಷ್ಟೊತ್ತಿಗೆ ಬಾಜೂ ಮನಿ ಗಫೂರ್ ಸಾಹೇಬ್ರು ಬಂದ್ರು. ವಾಡಿ ಸ್ಟೇಷನ್ನಿನಾಗ ಜೀವಮಾನ ಸವೆಸಿ ರಿಟೈರ್ ಆದವರು. ರೈಲು ಹೋಗೋದು ನೋಡಿ ನೋಡಿ ಯಾವ ಕೆಲಸ ಆದ್ರೂ ನಿಂತು ನೋಡೋದು ಅವರಿಗೆ ರೂಢಿ ಆಗ್ಯದ.

‘ಕ್ಯಾ ಆಚಾರ್ ಸಾಬ್, ಏನ್ ನಡಸೀರಿ?’

‘ಸುಣ್ಣ ಅರಳಸ್ಲಿಕತ್ತೀನಿ. ಕ್ಯಾಲ್ಸಿಯಂ ಆಕ್ಸೈಡ್ ನೀರಿನೊಂದಿಗೆ ವರ್ತಿಸಿದಾಗ ಶಾಖ ಬಿಡುಗಡೆಯಾಗುತ್ತದೆ’ ಅಂತ ಬಕೀಟ್ ಎತ್ತಿ ಸುರದೆ.

ವರ್ಷಾ ವರ್ಷಾ ಈ ವಾಕ್ಯ ಹುಡುಗರಿಗೆ ಬರಸ್ತೀನಿ. ಎಷ್ಟು ಶಾಖ ಅಂತ ಯಾರೂ ಕೇಳಿರಲಿಲ್ಲ. ಡ್ರಮ್ಮು ಕೊತಕೊತ ಕುದಿಲಿಕ್ಕೆ ಹತ್ತಿತು. ಹೊಗಿ ಎದ್ದಿತು. ಆಮ್ಯಾಲ ಡ್ರಮ್ಮಿನ ಹೊಟ್ಟಿ ಮೆತ್ತಗಾಗಿ, ಮದುವಿ ಮನ್ಯಾಗ ಹಿರಿಯರಿಗೆ ನಮಸ್ಕಾರ ಮಾಡೋರಂಗ ನಿಧಾನಕ್ಕ ಗಫೂರ್ ಸಾಹೇಬ್ರ ಕಡೆ ಬಾಗಿತು.

‘ಸಾಬ್, ಡ್ರಮ್ಮು ಬರ್ಲಿಕತ್ತದ’ ಅಂತ ಅವರು ಹಿಂದ ಸರದ್ರು. ಡ್ರಮ್ಮು ಬಂದೇ ಬಿಡ್ತು. ಪಡಸಾಲಿ ತುಂಬ ಬಿಸಿ ಸುಣ್ಣ. ನಾನು ಮಂಚದ ಮ್ಯಾಲ, ಅವರು ಕಿಡಕಿ ಕಟ್ಟಿ ಮ್ಯಾಲ. ಗ್ವಾಡಿಗೆ ಮಾತ್ರ ಒಂದು ಹನಿನೂ ಹತ್ತಿರಲಿಲ್ಲ.

ಆರಿದ ಮ್ಯಾಲ ಬಳದ್ವಿ, ಗೋಣಿತಟ್ಟು ಹಾಕಿ ತಿಕ್ಕಿದ್ವಿ. ನೀರು ಹಾಕಿದಷ್ಟೂ ಬಿಳಿ ಪೊರಿ ಹರಡಿ ಒಳಖೋಲಿ ತನಕ ಹೋಯ್ತು. ಗಫೂರ್ ಸಾಹೇಬ್ರು, ‘ನಿಂಬಿಹಣ್ಣು ಹಚ್ಚಿ ತಿಕ್ಕೋಣೇನು?’ ಅಂದ್ರು.

‘ನಿಂಬೆಹಣ್ಣಿನಲ್ಲಿರುವುದು ದುರ್ಬಲ ಆಮ್ಲ ಸಾಹೇಬ್ರೆ. ಇಲ್ಲಿ ಪ್ರಬಲ ಆಮ್ಲ ಬೇಕು’ ಅಂದೆ. ಬಚ್ಚಲ ತೊಳಿಯೋ ಆಸಿಡ್ ಬಾಟಲಿ ಮನ್ಯಾಗ ಇತ್ತು. ಸುಣ್ಣ ಅಂದ್ರ ಬೇಸ್, ಬೇಸ್‌ಗೆ ಆಸಿಡ್ ಕೂಡಿಸಿದ್ರ ಉಪ್ಪು ಮತ್ತು ನೀರು, ಅದನ್ನ ಒರಸಿ ತೆಗದ್ರ ಕೆಲಸ ಮುಗೀತು. ತರ್ಕದಾಗ ಎಲ್ಲೂ ತೂತು ಇರಲಿಲ್ಲ.

ಆಸಿಡ್ ಸುರದ ಕೂಡ್ಲೆ ಬುಸ್ಸ ಅಂತ ಬುರುಗು ಎದ್ದಿತು. ‘ನೋಡ್ರಿ, ಸುಣ್ಣ ಹ್ಯಾಂಗ ಬಿಟ್ಟು ಹೊಂಟದ’ ಅಂದೆ. ಗಫೂರ್ ಸಾಹೇಬ್ರು ‘ಕ್ಯಾ ಬಾತ್ ಹೈ’ ಅಂತ ತಲಿ ದೂಗಿದ್ರು. ಬುರುಗು ಬಂದಷ್ಟೂ ಹುರುಪು ಬಂತು. ಬುರುಗು ನಿಲ್ಲೋ ತನಕ ಹಾಕ್ಬೇಕು ಅಂತ ನನ್ನ ಸಿದ್ಧಾಂತ. ಎಷ್ಟು ಹಾಕಿದ್ರೂ ಅದು ನಿಲ್ಲವಲ್ದು. ಬಾಟಲಿ ಖಾಲಿ ಆಯ್ತು, ಗಫೂರ್ ಸಾಹೇಬ್ರು ತಮ್ಮ ಮನೀದೊಂದು ತಂದು ಕೊಟ್ರು, ಅದೂ ಖಾಲಿ ಆಯ್ತು. ನೀರು ಹೊಡದು ತೊಳದು ನೋಡಿದ್ರ, ಕರ್ರಗ ಮಿಂಚೋ ಫರಸಿ ಎಲ್ಲಿ ಅದ? ಬೂದಿ ಬಣ್ಣ, ಕೈಯಾಡಿಸಿದ್ರ ಬೀಸೋ ಕಲ್ಲಿನಂಗ ಉರಟು. ಮೈಯೆಲ್ಲಾ ತದ್ದು ಹತ್ತಿದಂಗ ಕಾಣ್ತಿತ್ತು.

ಆಗ ತಲ್ಯಾಗ ಲೈಟ್ ಹತ್ತಿತು. ಸುಣ್ಣ ಎಂದೋ ಹೋಗಿತ್ತು. ಬುರುಗು ಬಂದದ್ದು ಕಲ್ಲಿನಿಂದ. ಲೈಮ್‌ಸ್ಟೋನ್ ಮ್ಯಾಲ ಆಸಿಡ್ ಹಾಕಿದ್ರ ಗುಳ್ಳಿ ಏಳತಾವ, ಕಲ್ಲು ಕರಗತದ, ಇದು ನಾನು ಲ್ಯಾಬಿನಾಗ ಮಾಡಿ ತೋರಿಸೋ ಪ್ರಯೋಗ. ಶಹಾಬಾದಿನ ಕಲ್ಲಂದ್ರ ಅದೇ ಲೈಮ್‌ಸ್ಟೋನ್. ಸೇಡಂ, ವಾಡಿ, ಶಹಾಬಾದ ಸುತ್ತ ಇಷ್ಟು ಸಿಮೆಂಟ್ ಫ್ಯಾಕ್ಟರಿ ನಿಂತದ್ದೇ ಅದ್ರ ಮ್ಯಾಲ. ಆದಿತ್ಯನಗರದ ಸಿಮೆಂಟ್ ಕಾಲನಿಯಿಂದ ಬರೋ ಹುಡುಗರಿಗೆ ‘ನಿಮ್ಮಪ್ಪ ಫ್ಯಾಕ್ಟರಿಯಾಗ ಸುಡೋದು ಇದೇ ನೋಡಪಾ’ ಅಂತ ಹೇಳಾಂವನೂ ನಾನೇ. ಆದ್ರ ಲೈಮ್‌ಸ್ಟೋನ್ ಪುಸ್ತಕದಾಗಿಂದು, ಫರಸಿ ಸುಮಿತ್ರಾಂದು. ಎರಡೂ ಒಂದೇ ಅಂತ ಇಷ್ಟು ವರ್ಷದಾಗ ಒಮ್ಮೆನೂ ಹೊಳದಿರಲಿಲ್ಲ.

ಇಲ್ಲಿಗೆ ಸುಮ್ಮನಾಗಿದ್ರೂ ಅರ್ಧ ಮರ್ಯಾದಿ ಉಳೀತಿತ್ತು. ಮಿಂಚು ತರಬೇಕಂತ ಶೇಂಗಾ ಎಣ್ಣಿ ಡಬ್ಬಿ ತಂದು ಫರಸಿಗೆ ಬಳದೆ. ಖರೇನೇ ಕರ್ರಗಾಯ್ತು. ‘ವಾಹ್ ಸಾಬ್, ಹೊಸಾದು ಆಯ್ತಲ್ಲ’ ಅಂತ ಗಫೂರ್ ಸಾಹೇಬ್ರು ಮೆಚ್ಚಿ ಒಂದು ಹೆಜ್ಜಿ ಮುಂದಿಟ್ರು. ಅಲ್ಲಿಂದ ಅವರು ನಡೀಲಿಲ್ಲ. ಕುಂತ ಭಂಗಿಯಾಗೇ ಅಡಗಿಮನಿ ಬಾಗಲದ ತನಕ ಹೋದ್ರು. ಅವರನ್ನ ಎಬ್ಬಸ್ಲಿಕ್ಕೆ ನಾನು ಕೈ ಕೊಡೋ ಹೊತ್ತಿಗೆ ಗೇಟು ಸಪ್ಪಳ ಆಯ್ತು. ಸುಮಿತ್ರಾಗ ಮಧ್ಯಾಹ್ನದ ಬಸ್ಸೇ ಸಿಕ್ಕಿತ್ತು.

ಬಾಗಲದಾಗ ನಿಂತ್ಳು. ನನ್ನ ಮೀಸಿ ಬೆಳ್ಳಗ, ಮೂಗಿನ ಮ್ಯಾಲ ಲ್ಯಾಬಿನ ಕನ್ನಡಕ.

‘ಗಫೂರ್ ಸಾಹೇಬ್ರು ಯಾಕ ಕೆಳಗ ಕುಂತಾರ?’

‘ಟೀಚರ್ ಬಾಯಾರೆ, ನಾ ಬರೇ ನೋಡ್ಲಿಕ್ಕೆ ಬಂದೀನ್ರಿ’ ಅಂದ್ರು ಅವರು. ಗ್ವಾಡಿ ಹಿಡಕೊಂಡು, ಸೊಂಟಾ ಹಿಡಕೊಂಡು ಮನಿಗೆ ಹೋದ್ರು.

ಸುಮಿತ್ರಾ ಚೀಲ ಇಟ್ಟು, ತಾನು ಅಡ್ಡಾಗೋ ಜಾಗಾದಾಗ ಮೊಳಕಾಲೂರಿ ಫರಸಿ ಮ್ಯಾಲ ಕೈಯಾಡಿಸಿದ್ಳು. ಬೆರಳಿನ ಗೆಣ್ಣಿಲೆ ಒಮ್ಮೆ ಬಡದು ನೋಡಿದ್ಳು. ಬೈದಿದ್ರ ತಡಕೋತಿದ್ದೆ.

‘ಏನಾಯ್ತ್ರಿ ಇದು?’

‘ಕ್ಯಾಲ್ಸಿಯಂ ಕಾರ್ಬೋನೇಟ್ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ...’

‘ಅದು ಬ್ಯಾಡ. ಯಾಕ ಮಾಡಿದ್ರಿ ಅದನ್ನ ಹೇಳ್ರಿ.’

ಲ್ಯಾಬಿನ ವಾಕ್ಯ ಅಲ್ಲಿಗೇ ಬಿಟ್ಟೆ. ಕಡೀಕ, ‘ನೀ ಇಲ್ದ ನನಗ ಮನ್ಯಾಗ ಇರ್ಲಿಕ್ಕೆ ಆಗವಲ್ದು ಸುಮಿತ್ರಾ. ಮನಿ ಬೆಳ್ಳಗ ಮಾಡಿದ್ರ ವಾಪಸ್ ಬರ್ತಿ ಅಂತ ಮಾಡಿದೆ’ ಅಂದೆ. ಮೀಸಿ ಮ್ಯಾಲಿನ ಸುಣ್ಣ ಕಣ್ಣಿಗೆ ಹೋಗಿ ನೀರು ಬಂತು ಅಂತ ಹೇಳ್ಬೇಕಂದೆ, ಆದ್ರ ಕಣ್ಣಿಗೆ ಕನ್ನಡಕ ಇತ್ತು.

ಅಕಿ ನನ್ನ ಮುಖಾನೇ ನೋಡಿದ್ಳು. ‘ನಾ ನಿನ್ನೆನೇ ಹೂಂ ಅಂದು ಬಂದೀನ್ರಿ. ಚಾರ್ಜ್ ತಗೋಳಿಕತ್ತೀನಿ’ ಅಂದ್ಳು.

‘ನಾ ಅವತ್ತ ಫೋನಿನಾಗ ಬಾ ಅಂದಿದ್ರ ಬರ್ತಿದ್ದೇನು?’

‘ಇಲ್ಲ. ಆ ಕುರ್ಚಿ ಮ್ಯಾಲ ಕುಂದ್ರಬೇಕು ಅಂತ ನನಗೂ ಆಸಿ ಅದ. ನೀವು ಬಾ ಅಂತಿದ್ರಿ, ನಾ ಒಲ್ಲೆ ಅಂತಿದ್ದೆ, ಇಬ್ಬರೂ ಜಗಳಾಡ್ತಿದ್ವಿ. ಆಮ್ಯಾಲ ಹೋಗ್ತಿದ್ದೆ. ಬ್ಯಾಡ ಅನ್ನೋರು ಒಬ್ಬರು ಮನ್ಯಾಗ ಇದ್ದಾರಂತ ಗೊತ್ತಿದ್ದು ಹೋಗೋದು ಬ್ಯಾರೆ ಇರ್ತದ್ರಿ. ಎರಡು ವರ್ಷದಾಗ ಒಂದಿನಾನೂ ನೀವು ಬ್ಯಾಡ ಅನ್ಲಿಲ್ಲ.’

‘ಈಗ ಅಂತೀನಿ. ಬ್ಯಾಡ, ಹೋಗಬ್ಯಾಡ’ ಅಂದೆ.

ಅಕಿಗೆ ನಗು ಬಂತು, ಅದ್ರ ಜೋಡಿ ಅಳುನೂ ಬಂತು. ಸೆರಗಿಲೆ ನನ್ನ ಮೀಸಿ ಒರಸಿದ್ಳು. ‘ಹೋಗೇ ಹೋಗ್ತೀನಿ. ಆದ್ರ ಹಿಂಗೇ ದಿನಾ ಫೋನ್ ಮಾಡಿ ಬ್ಯಾಡ ಅನ್ರಿ’ ಅಂದ್ಳು.

ಮರುದಿನ ದಶಮಿ. ಗಫೂರ್ ಸಾಹೇಬ್ರ ಮನಿಗೆ ಹೋಗಿ, ಹಾಸಿಗಿಯಾಗ ಮಲಗಿದ್ದವರ ಕೈಯಾಗ ಬನ್ನಿ ಎಲಿ ಕೊಟ್ಟು ‘ಬಂಗಾರದಂಗ ಇರೋಣು’ ಅಂದ್ವಿ. ಅವರು ಬನ್ನಿ ತಗೊಂಡ್ರು, ನಾನು ಸೊಂಟಾ ತಿಕ್ಕಲಿಕ್ಕೆ ಒಯ್ದ ಎಣ್ಣಿ ಮಾತ್ರ ಮುಟ್ಟಲಿಲ್ಲ.

ಈಗ ಶನಿವಾರ ಬಂದ್ರ ಸುಮಿತ್ರಾ ಬರಂಗಿಲ್ಲ, ನಾನೇ ಚಿಂಚೋಳಿ ಬಸ್ ಹತ್ತತೀನಿ. ಸ್ಟ್ಯಾಂಡಿನಾಗ ಇಳದು ಅಕಿ ಖೋಲಿ ಕಡೆ ನಡಿಯೋ ಮುಂದ ಎದಿ ಡಬಡಬ ಅಂತದ, ಹೆಣ್ಣು ನೋಡ್ಲಿಕ್ಕೆ ಹೊಂಟ ವರನಂಗ. ಅಲ್ಲಿ ನನಗೊಂದು ಕುರ್ಚಿ ಮೀಸಲು. ಕಸಬರಗಿ, ಬಕೀಟ್, ಬಚ್ಚಲ ಬಾಟಲಿ ಯಾವುದರ ಹತ್ತಿರಾನೂ ಸುಳಿಯಂಗಿಲ್ಲ ಅಂತ ಕರಾರು ಆಗ್ಯದ. ಬಾಡಿಗಿ ಮನಿ ನೋಡ್ರಿ. ಕುರ್ಚಿ ಮ್ಯಾಲ ಕೈ ಕಟ್ಟಿ ಕುಂತು ಅಕಿ ರೊಟ್ಟಿ ಬಡಿಯೋದು ನೋಡ್ತೀನಿ. ಹೋದ ವಾರ ಕುಡದ ಚಹಾದ ಕಪ್ಪು ನಾನೇ ತೊಳದಿಡ್ತೀನಿ ಅಂತ ಎದ್ದೆ. ಹೆಡ್‌ಮಾಸ್ತರ್‌ಬಾಯಿ ಒಲಿ ಮುಂದಿಂದ ತಿರುಗಿನೂ ನೋಡಲಿಲ್ಲ. ‘ಕುಂದ್ರಿ’ ಅಂದ್ಳು. ಕುಂತೆ.