‘ಕಿವಿಗೆ ಖಾರ’ ಕೇಳಿದವರು

೨೦೨೪ರ ಡಿಸೆಂಬರ್ ೧೫, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ ಪರಶು ಮಂಡಕ್ಕಿ ಒಗ್ಗಾಣಿಯ ಮೊದಲ ತುತ್ತನ್ನು ಬಾಯಿಗಿಡುವಷ್ಟರಲ್ಲಿ ಕುರುಗೋಡಿನ ಮೊಬೈಲ್ ಅಂಗಡಿಯ ಸುಂಕಣ್ಣನ ಫೋನು ಬಂತು. ‘ಕಿವಿಗೆ ಖಾರ’ ಭರ್ಜರಿಯಾಗಿ ಓಡುತ್ತಿದೆ, ಸಿರುಗುಪ್ಪದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದಾರೆ ಎಂದ. ತುತ್ತು ತಟ್ಟೆಗೆ ವಾಪಸಾಯಿತು.

ಪರಶು ಜೀನ್ಸ್ ಘಟಕದಲ್ಲಿ ಜೇಬು ಹೊಲಿಯುವವನು. ಉಳಿದ ಹೊತ್ತಿನಲ್ಲಿ ಯಾರೂ ಹೆಸರು ಕೇಳದ ತಂಡಗಳಿಂದ ಹಾಡು ಬೇಡಿ ತಂದು, ತನ್ನದನ್ನೂ ಸೇರಿಸಿ, ‘ಕಿವಿಗೆ ಖಾರ’ ಎಂಬ ಅಗ್ಗದ ಸಂಕಲನ ಮಾಡಿದ್ದ. ಸಿಟ್ಟಿಗೆದ್ದ ಪಂಕ್, ಕುಪ್ಪಳಿಸುವ ಸ್ಕಾ, ದೆವ್ವ ಬಡಿದ ಗಿಟಾರಿನಂಥ ಸೈಕೊಬಿಲ್ಲಿ, ಹೀಗೆ ಹೊರದೇಶದ ಗದ್ದಲದ ಸಂಗೀತವೆಲ್ಲ ಒಂದು ಪ್ಲೇಟು ಮಿರ್ಚಿಯ ಬೆಲೆಗೆ. ಮೆಮೊರಿ ಕಾರ್ಡು ತಂದವರಿಗೆ ಸುಂಕಣ್ಣ ತುಂಬಿಸಿ ಕೊಡುತ್ತಿದ್ದ. ಈ ಸಂಗೀತಕ್ಕೆ ಒಪ್ಪುವಂತೆ ಪರಶು ಕಷ್ಟಪಟ್ಟು ಹರಿದ ಜೀನ್ಸನ್ನು ತಾಯಿ ಹೊನ್ನೂರಮ್ಮ ಅಷ್ಟೇ ಕಷ್ಟಪಟ್ಟು ತೇಪೆ ಹಾಕಿ ಮಡಚಿಡುತ್ತಿದ್ದಳು.

ಅವನ ತಂಡದಲ್ಲಿ ಇದ್ದವರು ಇಬ್ಬರೇ. ಅವನು ಹಾಡಲು, ಅನಿತಾ ಡ್ರಮ್ ಬಾರಿಸಲು. ಅನಿತಾ ಕಡೆಯ ಮಾತು ಹೇಳಿಬಿಟ್ಟಿದ್ದಳು: “ಲೇ ಪರಶು, ನಮ್ಮ ಹಾಡು ಕೇಳಬೇಕಂತನ ಕೇಳೋರನ್ನ ಒಬ್ರನ್ನ ತೋರ್ಸು. ನೆಂಟ್ರು ನಡಿಯಂಗಿಲ್ಲ. ಭಾನುವಾರದೊಳಗ ಸಿಗಲಿಲ್ಲಂದ್ರ ಡ್ರಮ್ ಮಾರ್ತೀನಿ.”

ಇವತ್ತೇ ಆ ಭಾನುವಾರ. ಸುದ್ದಿ ಓಣಿಗೆಲ್ಲ ಹಬ್ಬಿತು. ಪಕ್ಕದ ಮನೆಯ ಮೀನಾಕ್ಷಮ್ಮ ದೇವರಿಗೆಂದು ಕಟ್ಟಿದ ಸೇವಂತಿಗೆ ಹಾರವನ್ನು ಪರಶುವಿನ ಕೊರಳಿಗೆ ಹಾಕಿದಳು. ಎದುರು ಮನೆಯ ಮರಿಬಸಪ್ಪ, ಕಲಾವಿದನಾದವನು ಬಸ್ಸಿನಲ್ಲಿ ಹೋಗಬಾರದೆಂದು ತನ್ನ ಗೂಡ್ಸ್ ಆಟೊ ತೆಗೆದ. ಪರಶು, ಅನಿತಾ ಡ್ರಮ್ಮಿನ ಜೊತೆ ಹಿಂದೆ ಕೂತರು. ಕೊಳಗಲ್ಲಿನಲ್ಲಿ ಚಹಾಕ್ಕೆ ನಿಂತಾಗ ಮೇಕೆಯೊಂದು ಹಾರದ ಮುಕ್ಕಾಲು ಪಾಲು ತಿಂದು ಹಾಕಿತು.

“ಹೂವು ಹೋದ್ರ ಹೋತು, ದಾರ ಐತಲ್ಲ,” ಎಂದ ಮರಿಬಸಪ್ಪ. “ತೆಗಿಬ್ಯಾಡ.”

ಕುರುಗೋಡು ಮುಟ್ಟಿ, ಹಾಡು ತುಂಬಿಸಿಕೊಂಡವರು ಎಲ್ಲಿ ಸಿಗುತ್ತಾರೆಂದು ಸುಂಕಣ್ಣನನ್ನು ಕೇಳಿ, ಅವನು ತೋರಿಸಿದ ದಾರಿ ಹಿಡಿದರು. ಊರು ದಾಟುವಷ್ಟರಲ್ಲೇ ಜೋಳದ ಹೊಲದ ನಡುವಿನಿಂದ ಪರಶುವಿನ ದನಿ ಅಬ್ಬರಿಸುತ್ತಿತ್ತು. ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಅವನದೇ ಹಾಡು. ಅವನು ಆಟೊ ನಿಲ್ಲುವ ಮೊದಲೇ ಜಿಗಿದು, ಬದುವಿನ ಮೇಲೆ ನಿಂತಿದ್ದ ಹೊಲದ ಒಡೆಯ ಜಡೆಪ್ಪನ ಕಾಲಿಗೆ ಬಿದ್ದ.

ಜಡೆಪ್ಪ ಎರಡೂ ಕಿವಿಯಿಂದ ಹತ್ತಿ ತೆಗೆದು, ಏನಾಯಿತೆಂದು ವಿಚಾರಿಸಿದ. ವಿಷಯ ತಿಳಿದು ನಕ್ಕ.

“ಇದು ಹಕ್ಕಿ ಓಡ್ಸಾಕ ಹಚ್ಚಿದ್ದು ರೀ. ಮದ್ಲ ಡಬ್ಬಿ ಬಡಿತಿದ್ವಿ. ಆಮ್ಯಾಲೆ ನಮ್ಮನಿಯಾಕಿ ಬೈಯಾದನ್ನ ರೆಕಾರ್ಡ್ ಮಾಡಿ ಹಚ್ಚಿದ್ವಿ. ಆಕಿಗಿಂತ ಜೋರು ಇದೊಂದ ಸಿಕ್ತು.”

ಪರಶುವಿನ ಮುಖ ನೀರಿನಲ್ಲಿ ನೆನೆದ ಮಂಡಕ್ಕಿಯಂತಾಯಿತು. ಅನಿತಾ ಡ್ರಮ್ಮಿನ ಕಡೆ ನೋಡಿದಳು.

“ಆದ್ರ ಕೆಲಸಕ್ಕ ಬರ್ಲಿಲ್ಲ ಬಿಡ್ರಿ,” ಎಂದ ಜಡೆಪ್ಪ, ಹೊಲದತ್ತ ಕೈ ಮಾಡಿ. ಅಷ್ಟರಲ್ಲಿ ಸ್ಕಾ ಹಾಡು ಶುರುವಾಗಿತ್ತು. ಕರೆಂಟಿನ ತಂತಿಯ ಮೇಲೆ, ತೆನೆಗಳ ಮೇಲೆ, ಗಿಳಿಗಳೇ ಗಿಳಿಗಳು. ಕಾಳು ಕುಕ್ಕುತ್ತ, ತಾಳಕ್ಕೆ ಸರಿಯಾಗಿ ತಲೆ ಕುಣಿಸುತ್ತಿದ್ದವು. ಮೊದಲು ಹೆದರಿದ್ದ ಅವು ಈಗ ಸುತ್ತಲ ಹೊಲಗಳನ್ನೂ ಬಿಟ್ಟು ಹಾಡು ಹಚ್ಚುವ ಹೊತ್ತಿಗೆ ಸರಿಯಾಗಿ ಇಲ್ಲಿಗೇ ಬರುತ್ತಿದ್ದವಂತೆ.

ಅನಿತಾ ಬಹಳ ಹೊತ್ತು ನೋಡಿ, “ನೆಂಟ್ರಂತೂ ಅಲ್ಲ. ಕೇಳಾಕಂತನ ಬಂದಾವು. ಒಪ್ಪಿದೆ,” ಎಂದಳು.

ಪರಶುವಿಗೆ ಮೈಯೆಲ್ಲ ಮಿಂಚು ಹರಿದಂತಾಯಿತು. ಇಷ್ಟು ದೊಡ್ಡ ಸಭೆ ಎದುರಿಗಿರುವಾಗ ಕಾರ್ಡಿನ ಹಾಡೇಕೆ? ಸ್ಪೀಕರು ಬಂದ್ ಮಾಡಿಸಿ, ಹೊಲ ಕಾಯುವ ಅಟ್ಟಣಿಗೆ ಏರಿ, ಕೊರಳ ದಾರ ಸರಿಪಡಿಸಿಕೊಂಡು, ಕಣ್ಣು ಮುಚ್ಚಿ ತನ್ನ ಹಾಡಿನ ಮೊದಲ ಸಾಲು ಎತ್ತಿದ.

ಕಣ್ಣು ತೆರೆದಾಗ ತಂತಿ ಖಾಲಿ. ತೆನೆ ಖಾಲಿ. ಕೇಳುಗರೆಲ್ಲ ಸಿರುಗುಪ್ಪದ ದಿಕ್ಕಿಗೆ ಹಸಿರು ಮೋಡದಂತೆ ದೌಡಾಯಿಸುತ್ತಿದ್ದರು.

ಜಡೆಪ್ಪ ಸ್ಪೀಕರಿನಿಂದ ಕಾರ್ಡು ಕಿತ್ತು ಅನಿತಾಳ ಕೈಗಿಟ್ಟ. “ಇದು ಬ್ಯಾಡ್ರಿ. ಸುಗ್ಗಿ ಮುಗಿಯಾಮಟ ಇವ್ರನ್ನ ಕಳಿಸ್ರಿ.”

ಅನಿತಾ ಬಿಎಸ್ಸಿ ಓದಿದವಳು. ಕೂಲಿ ಎಷ್ಟು ಕೇಳಬೇಕೆಂದು ಗೊತ್ತುಮಾಡಲು, ಪರಶು ಎರಡನೆಯ ಸಾಲು ಹಾಡುವಾಗ ಮೊಬೈಲ್ ಎತ್ತಿ ಹಿಡಿದು ಶಬ್ದ ಅಳೆದಳು. ಅಟ್ಟಣಿಗೆಯಿಂದ ಹತ್ತು ಅಡಿ ದೂರದಲ್ಲಿ, ತೊಂಬತ್ತೊಂದು ಡೆಸಿಬಲ್.