ಬೆರಳಿನ ಐದು ದೀಪಗಳು

ಮಕ್ಕಳಿಗೆ ಸಮಾಧಾನ ಕಲಿಸಲು ಹೊರಟ ದೊಡ್ಡವರ ಬಾಳಿನಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಇವುಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ಹೈದರಾಬಾದಿನ ತಾರ್ನಾಕದಲ್ಲಿದ್ದ ವಿಶೇಷ ಮಕ್ಕಳ ಕೇಂದ್ರದ ಟೀಚರಮ್ಮ. ಅದು ನಡೆದಾಗ ನಾನೂ ಅಲ್ಲಿಯೇ ಇದ್ದೆ, ಆದರೆ ನಿದ್ದೆಯಲ್ಲಿದ್ದೆ.

ಹೈದರಾಬಾದು ಇನ್ನೂ ಆಂಧ್ರದ ರಾಜಧಾನಿಯಾಗಿದ್ದ ದಿನಗಳವು. ನಮ್ಮ ಮೊಮ್ಮಗಳಿಗೆ ಆಗ ಐದು ವರ್ಷ. ಅವಳಿಗೆ ಆಟಿಸಂ ಇದೆ. ಮಾತು ಕಡಿಮೆ, ದೊಡ್ಡ ಸಪ್ಪಳವಾದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಒಂದು ಮುಂಜಿವೆಯಲ್ಲಿ ಹಾಗೆ ಚೀರಿದಾಗ ನನ್ನ ಅಕ್ಕನೇ, "ಹುಡುಗಿಗೆ ಶಿಸ್ತು ಕಲಿಸಿಲ್ಲ ಬಿಡು" ಎಂದುಬಿಟ್ಟಳು. ಅಂದಿನಿಂದ ನಮ್ಮ ಸೊಸೆ ಯಾರ ಮನೆಯ ಕಾರ್ಯಕ್ಕೂ ಕಾಲಿಡಲಿಲ್ಲ. ತಾಯಿ ಮಗಳಿಬ್ಬರನ್ನೂ ಮತ್ತೆ ನಾಲ್ಕು ಜನರ ನಡುವೆ ಕೂಡಿಸಬೇಕು ಎಂಬುದೊಂದೇ ಆಗ ದೇವರಲ್ಲಿ ನನ್ನ ಬೇಡಿಕೆ.

೧. ಮೂಲೆಯ ಹಾಸಿಗೆ

ಕೇಂದ್ರದ ಒಂದು ಮೂಲೆಯಲ್ಲಿ ದಪ್ಪ ಪರದೆ, ಮಂದ ಬೆಳಕು, ಮೆತ್ತನೆಯ ಹಾಸಿಗೆ, ಮೈಮೇಲೆ ಇಟ್ಟುಕೊಳ್ಳಲು ಭಾರದ ದಿಂಬು. ಕಂಗೆಟ್ಟ ಮಗು ಅಲ್ಲಿಗೆ ಹೋಗಿ ತಾನೇ ತಣ್ಣಗಾಗುವುದನ್ನು ಕಲಿಯಬೇಕು. "ಒಮ್ಮೆ ಮಾಡಿ ತೋರಿಸಿ ತಾತಗಾರು, ನೋಡಿ ಕಲಿಯುತ್ತಾಳೆ" ಎಂದರು ಟೀಚರಮ್ಮ ತೆಲುಗಿನಲ್ಲಿ.

ನಾನು ಹಳ್ಳಿಯ ಶಾಲೆಯಲ್ಲಿ ಓದಿದವನು. ಕಲಿಸುವವರು ಹೇಳಿದ್ದನ್ನು ಅರ್ಧಕ್ಕೆ ಬಿಡುವ ರೂಢಿಯಿಲ್ಲ. ಮಲಗಿದೆ, ಕಣ್ಣು ಮುಚ್ಚಿದೆ, ದೀರ್ಘವಾಗಿ ಉಸಿರೆಳೆದೆ. ಮುಂದಿನದು ಅವರ ಬಾಯಿಂದ ಕೇಳಿದ್ದು. ನನ್ನ ಗೊರಕೆಗೆ ಉಳಿದ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡರಂತೆ. ಮೊಮ್ಮಗಳು ಬಂದು ಭಾರದ ದಿಂಬನ್ನು ನನ್ನ ಹೊಟ್ಟೆಯ ಮೇಲಿಟ್ಟು, ಪರದೆ ಎಳೆದು ಹೋದಳಂತೆ.

ನಾನು ಎದ್ದಾಗ ಟೀಚರಮ್ಮ ಹೇಳಿದರು: "ತಾತಗಾರು, ಈ ಮೂಲೆಯಿಂದ ಪೂರ್ತಿ ಗುಣ ಕಂಡವರು ಇಲ್ಲಿಯವರೆಗೆ ನೀವೊಬ್ಬರೇ."

೨. ದೇವರ ದೀಪ

ಮುಂದೆ ಕೇಂದ್ರದಲ್ಲಿ ಮೇಣದ ಬತ್ತಿ ಊದುವುದನ್ನು ಕಲಿಸಿದರು. ಉಸಿರು ನಿಧಾನವಾದರೆ ಮನಸ್ಸೂ ನಿಧಾನವಾಗುತ್ತದೆಯಂತೆ. ಹುಡುಗಿ ಬೇಗ ಕಲಿತಳು. ಮರುದಿನ ಬೆಳಿಗ್ಗೆ ಕುಕ್ಕರ್ ಸೀಟಿ ಹೊಡೆಯಿತು. ಅವಳು ಕಿವಿ ಮುಚ್ಚಿಕೊಂಡು ಓಡಿ ಬಂದವಳೇ ದೇವರ ಮುಂದಿನ ನಂದಾದೀಪವನ್ನು ಉಫ್ ಎಂದು ಊದಿಬಿಟ್ಟಳು.

"ಅಯ್ಯ! ದೇವರ ದೀಪಾ ಬಾಯಿಲೆ ಊದಿ ಆರಸ್ಯಾಳಲ್ರಿ!" ಎಂದು ನನ್ನಾಕೆ ಎದೆ ಹಿಡಿದುಕೊಂಡಳು.

ನಾನು ಹಚ್ಚಿದೆ, ಅವಳು ಊದಿದಳು. ಮತ್ತೆ ಹಚ್ಚಿದೆ, ಮತ್ತೆ ಊದಿದಳು. ಆದರೆ ಒಂದು ಮಾತು: ಚೀರಲಿಲ್ಲ. ಬೈಯುವುದೋ ಹೊಗಳುವುದೋ ನನಗೆ ತಿಳಿಯದಾಯಿತು. ಕೊನೆಗೆ ನನ್ನಾಕೆಯೇ ತನ್ನ ಐದು ಬೆರಳು ಎತ್ತಿ ಹಿಡಿದು, "ಇವೂ ದೀಪಾನ ಅದಾವ ನೋಡವ್ವ, ಇವನ್ನ ಊದು" ಎಂದಳು. ಹುಡುಗಿ ಊದಿದಂತೆಲ್ಲ ಒಂದೊಂದೇ ಬೆರಳನ್ನು ಮಡಿಚುತ್ತ ಹೋದಳು. ಅಂದಿನಿಂದ ಮಗುವಿಗೂ ಸಮಾಧಾನ, ದೇವರಿಗೂ ಸಮಾಧಾನ, ಕಡ್ಡಿಪೆಟ್ಟಿಗೆಗೂ ಬಿಡುವು.

೩. ಅಬಿಡ್ಸ್‌ನ ಜ್ಯೋತಿಷಿ

ಒಮ್ಮೆ ಅಬಿಡ್ಸ್ ಪೇಟೆಯಲ್ಲಿ ಬಸ್ಸಿನ ಹಾರ್ನ್‌ಗೆ ಬೆದರಿ ಅವಳು ಫುಟ್‌ಪಾತಿನ ಮೇಲೆ ಕುಳಿತುಬಿಟ್ಟಳು. ನಾನೂ ಪಕ್ಕದಲ್ಲಿ ಕುಳಿತು ಬೆರಳೆತ್ತಿದೆ. ನನ್ನ ಹಣೆಗೆ ಗಂಧ, ಹೆಗಲಿಗೆ ಶಲ್ಯ, ಮುಂದೆ ಚಾಚಿದ ಕೈ. ದಾರಿಹೋಕನೊಬ್ಬ ಏನು ತಿಳಿದುಕೊಂಡನೋ, ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ತನ್ನ ಕೈಯನ್ನೂ ಚಾಚಿ, "ಚಾಚಾ, ನನ್ನ ಶಾದಿ ಯಾವಾಗ, ನೋಡಿ ಹೇಳಿ" ಎಂದು ದಖ್ಖನಿಯಲ್ಲಿ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಅವನ ಐದೂ ಬೆರಳನ್ನು ಊದಿ ಮಡಿಚಿದಳು. ಅವನು ಮುಷ್ಟಿಯನ್ನೇ ನೋಡುತ್ತ ಎದ್ದ. "ಶಾದಿಯ ಮಾತಿರಲಿ ಚಾಚಾ, ತಲೆನೋವು ಹೋಯಿತು" ಎಂದ.

೪. ಗಂಟೆ

ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆ. ಸೊಸೆ ಕಣ್ಣು ತುಂಬಿಕೊಂಡಳು. "ಬ್ಯಾಡ್ರಿ ಮಾವಾರ. ಮಂದಿ ಮುಂದ ಮತ್ತ ಚೀರಿದಳಂದ್ರ ನನಗ ತಡಿಯಾಕ ಆಗೂದಿಲ್ರಿ."

"ಗಂಟಿ ಇಲ್ಲ, ಶಂಖ ಇಲ್ಲ. ಇದು ನನ್ನ ಮಾತು" ಎಂದೆ. ಪೂಜೆ ಮಾಡಿಸಲು ಬರುವ ಆಚಾರ್ಯರಿಗೂ ಮೊದಲೇ ಹೇಳಿಟ್ಟೆ.

ಆದರೆ ಅವರು ಅಮೀರ್‌ಪೇಟೆಯ ಇನ್ನೊಂದು ಮನೆಯ ಪೂಜೆ ಮುಗಿಸಿ ತಡವಾಗಿ ಬಂದರು. ಅವಸರದಲ್ಲಿ ಮರೆತು, ಮಂಗಳಾರತಿಗೆ ಗಂಟೆಯನ್ನು ಗಣಗಣ ಬಾರಿಸಿಯೇ ಬಿಟ್ಟರು.

"ಗಂಟಿ ಬ್ಯಾಡ ಅಂದಿದ್ದೆ ಇಲ್ರಿ!" ನಾನು ಗುಡುಗಿದೆ.

"ಗಂಟಿ ಇಲ್ಲದ ಮಂಗಳಾರತಿ ಯಾವ ಶಾಸ್ತ್ರದಾಗ ಐತ್ರಿ?" ಅವರು ನನಗಿಂತ ಜೋರಾಗಿ ಗುಡುಗಿದರು.

"ಕೊಟ್ಟ ಮಾತು ತಪ್ಪೂದು ಯಾವ ಶಾಸ್ತ್ರದಾಗ ಐತಿ?"

ನಮ್ಮಿಬ್ಬರ ಗದ್ದಲದಲ್ಲಿ ಗಂಟೆಯ ಸದ್ದು ಎಲ್ಲಿ ಉಳಿಯಬೇಕು! ಬಂದವರೆಲ್ಲ ಮಗುವಿನ ಕಡೆ ತಿರುಗಿದರು. ಸೊಸೆ ಬಿಳಿಚಿಕೊಂಡಳು. ಮೊಮ್ಮಗಳು ಕಿವಿ ಮುಚ್ಚಿಕೊಂಡು ನಿಂತಿದ್ದಳು. ನಿಧಾನವಾಗಿ ಕೈ ಇಳಿಸಿದಳು. ತನ್ನ ಐದು ಬೆರಳನ್ನು ತಾನೇ ಊದಿಕೊಂಡಳು. ಆಮೇಲೆ ನಮ್ಮಿಬ್ಬರ ನಡುವೆ ಬಂದು, ಕೈಯನ್ನು ನನ್ನ ಮುಖಕ್ಕೆ ಹಿಡಿದು, "ಅಜ್ಜಾ, ಊದು" ಎಂದಳು.

ಅವಳು ತಾನಾಗಿ ನನ್ನನ್ನು ಕರೆದದ್ದು ಅದೇ ಮೊದಲು. ಬಾಗಿ ಐದೂ ಬೆರಳನ್ನು ಊದಿದೆ. ಅವಳು ಆಚಾರ್ಯರತ್ತ ತಿರುಗಿದಳು. ಅವರು ಒಂದು ಕೈಯಲ್ಲಿ ಆರತಿ, ಒಂದು ಕೈಯಲ್ಲಿ ಗಂಟೆ ಹಿಡಿದು, ಬಾಗಿ, ಮಗುವಿನಂತೆ ಕೆನ್ನೆ ಉಬ್ಬಿಸಿ ಉಫ್ ಉಫ್ ಎಂದು ಊದಿದರು.

ಹಿಂದಿನಿಂದ ನನ್ನ ಅಕ್ಕನ ದನಿ ಕೇಳಿತು: "ಹುಡುಗಿಗೆ ಶಿಸ್ತು ಭಾಳ ಛಲೋ ಕಲಿಸ್ಯಾರವ್ವ. ಇನ್ನ ಮುದುಕರಿಗೆ ಕಲಿಸೂದು ಉಳದೈತಿ ಅಷ್ಟ."

ಮೊದಲು ನಕ್ಕವಳು ನಮ್ಮ ಸೊಸೆ. ಮುಂದಿನ ವಾರ ಅವಳು ಮಗಳ ಕೈ ಹಿಡಿದು ಅಕ್ಕನ ಮನೆಯ ಅರಿಶಿನ ಕುಂಕುಮಕ್ಕೆ ಹೋದಳು.

ಈಗ ಮೊಮ್ಮಗಳು ನನ್ನ ಭುಜದೆತ್ತರ. ನಾನು ದನಿ ಏರಿಸಿದರೆ ಸಾಕು, ಈಗಲೂ ಕೈ ಎತ್ತುತ್ತಾಳೆ. ಮಗುವಿನ ಕಾರಣಕ್ಕೆ ಬಾಗಿಲು ಹಾಕಿಕೊಂಡು ಕುಳಿತ ತಾಯಿ ನಿಮ್ಮ ಓಣಿಯಲ್ಲಿ ಇದ್ದರೆ, ಇದನ್ನು ಅವಳಿಗೆ ಹೇಳಿ ಬನ್ನಿ. ಬಾಗಿಲ ಗಂಟೆ ಮಾತ್ರ ಒತ್ತಬೇಡಿ, ಮೆಲ್ಲಗೆ ಕರೆಯಿರಿ.