ಫ್ರಿಜ್ಜಿನ ಮೇಲಿನ ಭಾಷಾಶಾಸ್ತ್ರ

ಪಾಠ ಹೇಳುವವರಿಗೆ ಒಂದು ದೊಡ್ಡ ಅನುಕೂಲವಿದೆ. ನಾವು ತರಗತಿಯಲ್ಲಿ ಹೇಳಿದ್ದನ್ನು ನಾವೇ ಕೇಳಿಸಿಕೊಳ್ಳಬೇಕೆಂಬ ನಿಯಮವಿಲ್ಲ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಎಂ.ಎ. ಮೊದಲ ವರ್ಷದವರಿಗೆ ಇಂಗ್ಲಿಷ್ ಭಾಷಾಶಾಸ್ತ್ರ ಕಲಿಸುತ್ತೇನೆ. ಮೊದಲ ದಿನವೇ ಮೇಜು ಕುಟ್ಟಿ ಸಾರುತ್ತೇನೆ: ಯಾವ ಭಾಷೆಯೂ ಮೇಲಲ್ಲ, ಯಾವುದೂ ಕೀಳಲ್ಲ, ತಪ್ಪು ಉಚ್ಚಾರಣೆ ಎಂಬುದೇ ಇಲ್ಲ. ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ. ಸಂಜೆ ಸ್ಕೂಟರಿನಲ್ಲಿ ಜೆಪ್ಪುವಿನ ಮನೆಗೆ ಬಂದವಳು, ನಾಲ್ಕನೇ ಕ್ಲಾಸಿನ ಮಗಳು ಸಾನ್ವಿ ಬಾಯಿ ತೆರೆದರೆ ಸಾಕು, ಅವಳ ಒಂದೊಂದು ಸ್ವರವನ್ನೂ ಹಿಡಿದು ತಿದ್ದುತ್ತೇನೆ. ಅವಳು ಮನೆಯಲ್ಲಿ ಇಂಗ್ಲಿಷೇ ಮಾತಾಡಬೇಕೆಂಬುದು ನನ್ನ ಕಾಯಿದೆ. ಅತ್ತೆಗೋ ತುಳು ಬಿಟ್ಟು ಬೇರೆ ಯಾವುದೂ ಸರಾಗವಾಗಿ ಬರುವುದಿಲ್ಲ. ಹಾಗಾಗಿ ನನ್ನ ಎದುರು ಅಜ್ಜಿ, ಮೊಮ್ಮಗಳ ಮಾತುಕತೆಯೆಂದರೆ 'ಕಮ್', 'ಈಟ್', 'ಗೋ'. ನೆರೆಮನೆಯವರು ತಮ್ಮ ನಾಯಿಯೊಡನೆ ಆಡುವುದೂ ಇಷ್ಟೇ ಎಂದು ನನ್ನ ಗಂಡ ಒಮ್ಮೆ ಹೇಳಿದ್ದಕ್ಕೆ ಆ ದಿನ ನಾನು ಅವರೊಡನೆ ಮಾತು ಬಿಟ್ಟಿದ್ದೆ.

ಈ ಸಲ ವಿದ್ಯಾರ್ಥಿಗಳಿಗೆ ಮನೆಯ ಸಹಜ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತರಲು ಹೇಳಿದೆ. ಯಾರು ಯಾರೊಡನೆ ಯಾವ ಭಾಷೆ ಆಡುತ್ತಾರೆ, ಅದರಲ್ಲಿ ಇಂಗ್ಲಿಷ್ ಎಲ್ಲಿ ನುಸುಳುತ್ತದೆ ಎಂದು ನೋಡಬೇಕಿತ್ತು. ಮೀನಿನವಳಿಗೆ ಒಂದು, ಡಾಕ್ಟರಿಗೆ ಒಂದು, ಬಾವನಿಗೆ ಇನ್ನೊಂದು ಭಾಷೆ ಬಳಸುವ ಊರಿದು, ಸಾಮಗ್ರಿಗೆ ಬರವೇ? ಆದರೆ ಬಂದದ್ದೆಲ್ಲ ಭಾಷಣ.

"ಎಂತ ಮಾಡುದು ಮೇಡಂ," ಎಂದ ಬಜಪೆಯಿಂದ ಬರುವ ನಿಶಾಂತ್. "ಫೋನ್ ಇಟ್ಟ ಕೂಡ್ಲೇ ನಮ್ಮಪ್ಪ ವಾರ್ತೆ ಓದುವವರ ಹಾಗೆ ಮಾತಾಡ್ತಾರೆ."

"ನಾಳೆ ನನ್ನ ಮನೆಯದ್ದೇ ಕೇಳಿಸ್ತೇನೆ. ನೋಡಿ ಕಲೀರಿ," ಎಂದು ಜಂಬ ಕೊಚ್ಚಿದೆ. ಹಾಗೆ ನನ್ನ ಮಾನವನ್ನು ನಾನೇ ಪಣಕ್ಕಿಟ್ಟೆ.

ಅನುಮತಿ ಪಡೆದೇ ರೆಕಾರ್ಡ್ ಮಾಡಬೇಕೆಂದು ನಾನೇ ಒತ್ತಿ ಒತ್ತಿ ಕಲಿಸಿದ್ದೆ. ಅದು ವಿದ್ಯಾರ್ಥಿಗಳಿಗೆ. ಅಂದು ಸಂಜೆ ಒಂದು ಹಳೆಯ ಫೋನನ್ನು ಫ್ರಿಜ್ಜಿನ ಮೇಲೆ ಬ್ರೆಡ್ಡಿನ ಹಿಂದೆ ಬಚ್ಚಿಟ್ಟು, ತರಕಾರಿಯ ನೆಪ ಹೇಳಿ ಹೊರಟೆ. ಆಮೇಲೆ ಅದನ್ನು ಕೇಳಿ ನೋಡುವ ಗೋಜಿಗೂ ಹೋಗಲಿಲ್ಲ. ನನ್ನ ಮನೆಯ ಮಾತು ನನಗೆ ಗೊತ್ತಿಲ್ಲವೇ?

ಮರುದಿನ ತರಗತಿಯಲ್ಲಿ ಸ್ಪೀಕರಿಗೆ ಜೋಡಿಸಿದೆ. ಮೊದಲು ನನ್ನ ಸ್ಕೂಟರ್ ಹೊರಟ ಸದ್ದು. ಆಮೇಲೆ ಮಗಳ ದನಿ: "ಅಜ್ಜೀ, ಅಮ್ಮ ಪೋಯೆರ್!"

"ಪೋಯಲ್, ನನ ಪಾತೆರ್ಲ," ಎಂದರು ಅತ್ತೆ. ಅಮ್ಮ ಹೋದಳು, ಇನ್ನು ಮಾತಾಡು ಎಂದು.

ತುಳುವಿನ ಒಂದು ಶಬ್ದವೂ ಬಾರದೆಂದು ನಾನು ನಂಬಿದ್ದ ಹುಡುಗಿ ಶಾಲೆಯ ಜಗಳ, ಟೀಚರಿನ ಸೀರೆ, ಬೆಕ್ಕಿನ ಮರಿ ಎಲ್ಲವನ್ನೂ ಅಚ್ಚ ತುಳುವಿನಲ್ಲಿ ಅಜ್ಜಿಗೆ ಒಪ್ಪಿಸತೊಡಗಿದಳು. ನನ್ನೊಡನೆ ಅವಳು ಅದರ ಅರ್ಧದಷ್ಟೂ ಮಾತಾಡಿದ್ದಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಅತ್ತೆ ತುಳುವಿನಲ್ಲೇ, ಅಮ್ಮ ಹೇಗೆ ಮಾತಾಡುತ್ತಾಳೆ ತೋರಿಸು ಎಂದರು. ಮಗಳು ಗಂಟಲು ಸರಿಮಾಡಿಕೊಂಡಳು.

"ಸಾನ್ವೀ! ಇನ್ ದಿಸ್ ಹೌಸ್, ವಿ ಸ್ಪೀಕ್ ಓನ್ಲಿ ಇಂಗ್ಲಿಷ್!"

ಅತ್ತೆ ಬಿದ್ದು ಬಿದ್ದು ನಕ್ಕರು. ಆ ನಾಯಿಯ ಮಾತಿನ ನಂತರ ನನ್ನೆದುರು 'ಹೂಂ' ಬಿಟ್ಟು ಬೇರೇನೂ ಹೇಳದ ನನ್ನ ಗಂಡನೂ ಅಲ್ಲೇ ಇದ್ದರು; ಅವರ ನಗು ಅದಕ್ಕಿಂತಲೂ ಜೋರಾಗಿತ್ತು. ಮಗಳ ಒತ್ತು, ಏರಿಳಿತ, ಉಸಿರು ಒಂದೂ ತಪ್ಪಿರಲಿಲ್ಲ. ವರ್ಷಗಟ್ಟಲೆ ತಿದ್ದಿದರೂ ಬಾರದ ಉಚ್ಚಾರಣೆ, ನನ್ನನ್ನು ಅಣಕಿಸುವಾಗ ಅವಳ ನಾಲಿಗೆಗೆ ತಾನಾಗಿ ಒಲಿದಿತ್ತು.

ತರಗತಿ ನಗು ನುಂಗಿಕೊಂಡು ಕೂತಿತ್ತು. ನಿಶಾಂತ್ ಎದ್ದು ನಿಂತು, ಬಹಳ ವಿನಯದಿಂದ ಕೇಳಿದ: "ಮೇಡಂ, ಇನ್ನೊಮ್ಮೆ ಹಾಕ್ತೀರಾ? ನಮಗೆ ಈಗ ಪೂರ್ತಿ ಅರ್ಥ ಆಯ್ತು."

ನನ್ನ ಪಾಠ ಇನ್ನೊಮ್ಮೆ ಬೇಕೆಂದು ಇಷ್ಟು ವರ್ಷದಲ್ಲಿ ಯಾರೂ ಕೇಳಿದವರಿಲ್ಲ. ಆಸೆ ತಡೆಯಲಾಗದೆ ಹಾಕಿಬಿಟ್ಟೆ.